ನೀರು ಶುದ್ಧೀಕರಣದ ಇಂಜಿನಿಯರ್ ಮತ್ತು ಅಮೆರಿಕದ ಗ್ರೀನ್ ಕಾರ್ಡ್: ಅರ್ಜಿ ಮಂಜೂರಾದರೆ ವೀಸಾ ಸಿಕ್ಕಿತೆಂದಲ್ಲ

ಶಿರಸಿ, ಸಿದ್ದಾಪುರ, ಯಲ್ಲಾಪುರ ಭಾಗದ ನಮ್ಮ ಕುಟುಂಬಗಳಲ್ಲಿ ಇಂಜಿನಿಯರಿಂಗ್ ಮುಗಿಸಿ ಎಂ.ಟೆಕ್., ಪಿಎಚ್.ಡಿ.ವರೆಗೆ ಓದಿದ ಮಕ್ಕಳು ಈಗ ಅಪರೂಪವಲ್ಲ. ಇಂಥವರಿಗೆ ಏಜೆಂಟರು ಒಂದು ಆಸೆ ತೋರಿಸುತ್ತಾರೆ: ಕಂಪನಿ ಬೇಡ, ಕೆಲಸದ ಆಫರ್ ಬೇಡ, ನಿಮ್ಮ ಸಂಶೋಧನೆಯ ಬಲದಿಂದಲೇ ಅಮೆರಿಕದ ಗ್ರೀನ್ ಕಾರ್ಡ್ ಆಗುತ್ತದೆ ಎಂದು. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ತೋಟದ ಮೇಲೆ ಸಾಲ ಎತ್ತುವ ಮೊದಲು ಮನೆಯವರು ತಿಳಿದಿರಬೇಕಾದುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಅಮೆರಿಕದ ಉದ್ಯೋಗಾಧಾರಿತ ವಲಸೆಯಲ್ಲಿ ಎರಡನೇ ವರ್ಗಕ್ಕೆ ಇಬಿ-2 ಎಂದು ಹೆಸರು. ಸ್ನಾತಕೋತ್ತರ ಪದವಿ, ಇಲ್ಲವೇ ಬಿ.ಇ. ಜೊತೆಗೆ ಐದು ವರ್ಷಗಳ ಪ್ರಗತಿಶೀಲ ಅನುಭವ ಇದಕ್ಕೆ ಬೇಕು. ಸಾಮಾನ್ಯವಾಗಿ ಅಲ್ಲಿನ ಕಂಪನಿಯೊಂದು ಮುಂದೆ ಬಂದು, ಈ ಕೆಲಸಕ್ಕೆ ಅರ್ಹ ಸ್ಥಳೀಯರು ಸಿಗಲಿಲ್ಲವೆಂದು ಕಾರ್ಮಿಕ ಇಲಾಖೆಯ ಪ್ರಮಾಣಪತ್ರ ಪಡೆಯಬೇಕು. ಅಭ್ಯರ್ಥಿಯ ಕೆಲಸ ದೇಶಕ್ಕೇ ಹಿತವೆನಿಸಿದರೆ ಈ ಷರತ್ತನ್ನು ಮನ್ನಾ ಮಾಡಬಹುದು. ಆಗ ಅಭ್ಯರ್ಥಿ ತಾನೇ ಅರ್ಜಿ ಹಾಕಬಹುದು. 2016ರ ಡಿಸೆಂಬರ್‌ನಲ್ಲಿ ಧನಾಸರ್ ಎಂಬ ವಿಮಾನಯಾನ ಇಂಜಿನಿಯರ್‌ನ ಪ್ರಕರಣದಲ್ಲಿ ಮೂರು ಪ್ರಶ್ನೆಗಳು ನಿಗದಿಯಾದವು. ಉದ್ದೇಶಿತ ಕೆಲಸಕ್ಕೆ ಮಹತ್ವವೂ ರಾಷ್ಟ್ರಮಟ್ಟದ ಪ್ರಾಮುಖ್ಯವೂ ಇದೆಯೇ? ಅದನ್ನು ಮುಂದಕ್ಕೆ ಒಯ್ಯಲು ಈ ವ್ಯಕ್ತಿ ಸಮರ್ಥನೇ? ಎಲ್ಲವನ್ನೂ ತೂಗಿ ನೋಡಿದರೆ ಷರತ್ತು ಬಿಡುವುದು ಅಮೆರಿಕಕ್ಕೆ ಲಾಭವೇ?

ಸಿದ್ದಾಪುರದ ಒಬ್ಬ ಯುವತಿ ಅಡಿಕೆ ಸಿಪ್ಪೆಯ ಇದ್ದಿಲಿನಿಂದ ಬಾವಿ ನೀರಿನ ಕಬ್ಬಿಣದಂಶ ತೆಗೆಯುವ ವಿಧಾನದ ಮೇಲೆ ಸಂಶೋಧನೆ ಮಾಡಿದ್ದಾಳೆಂದು ಇಟ್ಟುಕೊಳ್ಳೋಣ. ಶುದ್ಧ ನೀರು ಒಳ್ಳೆಯದೆಂದು ಯಾರೂ ವಾದಿಸಬೇಕಾಗಿಲ್ಲ, ಅಷ್ಟರಿಂದಲೇ ಅರ್ಜಿ ಗೆಲ್ಲುವುದೂ ಇಲ್ಲ. ಅವಳ ಕೆಲಸ ಒಂದು ಘಟಕ, ಒಂದು ಊರನ್ನು ಮೀರಿ ಉಪಯೋಗಕ್ಕೆ ಬರುತ್ತದೆಂದು ತೋರಿಸಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಪಿಎಫ್ಒಎ, ಪಿಎಫ್ಒಎಸ್ ಎಂಬ ಬೇಗ ನಾಶವಾಗದ ರಾಸಾಯನಿಕಗಳಿಗೆ ಕುಡಿಯುವ ನೀರಿನಲ್ಲಿ ಲಕ್ಷ ಕೋಟಿಗೆ ನಾಲ್ಕು ಭಾಗದ ಮಿತಿ ಹಾಕಿತು. ಇವನ್ನು ಸೋಸುವ ಮಾನ್ಯ ವಿಧಾನಗಳಲ್ಲಿ ಸಕ್ರಿಯ ಇದ್ದಿಲೂ ಒಂದು. ಅವಳ ಇದ್ದಿಲು ಇದಕ್ಕೂ ಕೆಲಸ ಮಾಡುತ್ತದೆಂಬ ಪ್ರಯೋಗದ ಫಲಿತಾಂಶ ಇದ್ದರೆ ಮೊದಲ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಂತೆ. ಎರಡನೆಯದಕ್ಕೆ ಪ್ರಕಟವಾದ ಲೇಖನಗಳು, ಬೇರೆಯವರು ಅವನ್ನು ಉಲ್ಲೇಖಿಸಿದ ದಾಖಲೆ, ಮುಂದಿನ ಕೆಲಸದ ಖಚಿತ ಯೋಜನೆ ಬೇಕು. ತನ್ನ ಮಾರ್ಗದರ್ಶಕರ ಹೊಗಳಿಕೆಗಿಂತ, ತನ್ನನ್ನು ಬಲ್ಲದ, ಆದರೆ ಕೆಲಸವನ್ನು ಬಳಸಿದ ತಜ್ಞರ ಪತ್ರಕ್ಕೆ ಹೆಚ್ಚು ತೂಕ. ಏಜೆಂಟರು ಬರೆದುಕೊಡುವ ಒಂದೇ ಅಚ್ಚಿನ ಪತ್ರಗಳು ಅಧಿಕಾರಿಗಳಿಗೆ ಹೊಸತೇನೂ ಅಲ್ಲ.

ಇಷ್ಟೆಲ್ಲ ಆಗಿ ಐ-140 ಎಂಬ ಈ ಅರ್ಜಿ ಮಂಜೂರಾಯಿತೆನ್ನಿ. ಮನೆಯಲ್ಲಿ ಸಿಹಿ ಹಂಚುತ್ತಾರೆ. ಆದರೆ ಈ ಮಂಜೂರಾತಿಯಿಂದ ವಿಮಾನ ಹತ್ತುವ ಹಕ್ಕಾಗಲಿ, ಅಲ್ಲಿ ಕೆಲಸ ಮಾಡುವ ಹಕ್ಕಾಗಲಿ ಬರುವುದಿಲ್ಲ. ಸಿಗುವುದು ಸಾಲಿನಲ್ಲಿ ಒಂದು ಜಾಗ ಮಾತ್ರ. ಉದ್ಯೋಗಾಧಾರಿತ ವೀಸಾಗಳು ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಎರಡನೇ ವರ್ಗಕ್ಕೆ ಸುಮಾರು 40,000. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯ ಮಿತಿ ಶೇ. 7. ಹೆಂಡತಿ, ಮಕ್ಕಳೂ ಈ ಲೆಕ್ಕದೊಳಗೇ ಬರುತ್ತಾರೆ. 2025ರ ಅಕ್ಟೋಬರ್‌ನ ವೀಸಾ ಬುಲೆಟಿನ್‌ನಲ್ಲಿ ಭಾರತದ ಇಬಿ-2 ಸಾಲು ತಲುಪಿದ್ದ ದಿನಾಂಕ 2013ರ ಏಪ್ರಿಲ್ 1. ಹನ್ನೆರಡು ವರ್ಷ ಹಿಂದೆ ಅರ್ಜಿ ಹಾಕಿದವರ ಸರದಿ ಆಗ ನಡೆಯುತ್ತಿತ್ತು! ಲೆಕ್ಕಕ್ಕೆ ಬರುವುದು ಹುಟ್ಟಿದ ದೇಶವೇ ಹೊರತು ಪೌರತ್ವವಲ್ಲ. ಸಂಗಾತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಮಾತ್ರ ಅವರ ಸಾಲನ್ನು ಹಿಡಿಯಬಹುದು. ಕಾಯುವುದರೊಳಗೆ ಮಕ್ಕಳಿಗೆ 21 ತುಂಬಿದರೆ ಅವರು ತಂದೆತಾಯಿಯ ಅರ್ಜಿಯಿಂದ ಹೊರಬೀಳುವ ಅಪಾಯವೂ ಇದೆ.

ಹಾಗಾದರೆ ಇದರಿಂದ ಪ್ರಯೋಜನವೇ ಇಲ್ಲವೇ? ಈಗಾಗಲೇ ಎಚ್-1ಬಿ ವೀಸಾದಲ್ಲಿ ಅಲ್ಲಿ ಕೆಲಸ ಮಾಡುತ್ತಿರುವವರಿಗೆ ಇದೆ. ಮಂಜೂರಾದ ಐ-140 ಇದ್ದು ಸರದಿ ಬಾರದಿದ್ದರೆ ಆರು ವರ್ಷಗಳ ಮಿತಿ ದಾಟಿಯೂ ವೀಸಾ ಮುಂದುವರಿಸಬಹುದು. ಮುಂದೆ ಬೇರೆ ಅರ್ಜಿ ಹಾಕಿದರೂ ಹಳೆಯ ದಿನಾಂಕ ಸಾಮಾನ್ಯವಾಗಿ ಉಳಿಯುತ್ತದೆ. ಊರಲ್ಲೇ ಕುಳಿತು ಅರ್ಜಿ ಹಾಕುವವರ ಸ್ಥಿತಿ ಬೇರೆ. ಅವರು ಎಚ್-1ಬಿ ಮೂಲಕ ಹೋಗಬಹುದಲ್ಲ ಎಂದರೆ, 2025ರ ಸೆಪ್ಟೆಂಬರ್‌ನ ಆದೇಶ ಅಮೆರಿಕದ ಹೊರಗಿರುವವರ ಹೊಸ ಅರ್ಜಿಗಳಿಗೆ 1,00,000 ಡಾಲರ್ ಹೊರೆ ಹೇರಿತು. ಅಂಥವರು ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯನ್ನು ವಿಚಾರಿಸುವುದು ಲೇಸೆಂದು ನಮಗೆ ತೋರುತ್ತದೆ. 2015ರಲ್ಲಿ ಆರಂಭವಾದ ಅದು ಅಂಕಗಳ ಮೇಲೆ ನಡೆಯುತ್ತದೆ, ಹುಟ್ಟಿದ ದೇಶದ ಮಿತಿ ಅಲ್ಲಿಲ್ಲ.

ಖರ್ಚಿನ ಬಗ್ಗೆಯೂ ಒಂದು ಮಾತು. ಐ-140ರ ಮೂಲ ಸರಕಾರಿ ಶುಲ್ಕ 2024ರ ಏಪ್ರಿಲ್‌ನಿಂದ 715 ಡಾಲರ್ ಎಂದು ನಿಗದಿಯಾಯಿತು, ಅದರ ಜೊತೆ ಒಂದು ಹೆಚ್ಚುವರಿ ಶುಲ್ಕವೂ ಇದೆ. ಮಿಕ್ಕಿದ್ದು ವಕೀಲರ ಸಂಭಾವನೆ. ಏಜೆಂಟರು ಲಕ್ಷಗಟ್ಟಲೆ ಕೇಳಿದರೆ ಯಾವುದಕ್ಕೆ ಎಷ್ಟೆಂದು ಬರಹದಲ್ಲಿ ಪಡೆಯಿರಿ.

ಧರ್ಮಕೇಂದ್ರಗಳ ಕಚೇರಿಗೆ ಸಂಬಂಧಿಸಿದ ವಿಷಯವೂ ಇದರಲ್ಲಿದೆ. ಗ್ರೀನ್ ಕಾರ್ಡ್ ಹಂತದಲ್ಲಿ ಜನನ ಪ್ರಮಾಣಪತ್ರ ಕೇಳುತ್ತಾರೆ. ಅದು ಇಲ್ಲದಿದ್ದರೆ ಸರಕಾರಿ ಕಚೇರಿಯಿಂದ ಅಲಭ್ಯತಾ ಪತ್ರ ಪಡೆದು, ಜ್ಞಾನಸ್ನಾನದ ದಾಖಲೆ, ಶಾಲಾ ದಾಖಲೆಗಳನ್ನು ಪರ್ಯಾಯ ಪುರಾವೆಯಾಗಿ ಕೊಡಬಹುದು. ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರೇ ಇಲ್ಲ ಎಂಬುದು ನಮ್ಮಲ್ಲಿ ಸಾಮಾನ್ಯ. ಪ್ರಮಾಣಪತ್ರ ಬರೆದುಕೊಡುವವರು ಹುಟ್ಟಿದ ದಿನಾಂಕ, ಹುಟ್ಟಿದ ಊರು, ತಂದೆತಾಯಿಯ ಪೂರ್ಣ ಹೆಸರನ್ನು ಮೂಲ ಪುಸ್ತಕದಲ್ಲಿ ಇದ್ದಂತೆಯೇ ನಮೂದಿಸಬೇಕು. ಪಾಸ್‌ಪೋರ್ಟಿಗೆ ಹೊಂದಲೆಂದು ಅಕ್ಷರ ತಿದ್ದಿಕೊಡುವಂತೆ ಯಾರು ಕೇಳಿದರೂ ಒಪ್ಪಬಾರದು. ಹೆಸರಿನ ವ್ಯತ್ಯಾಸಕ್ಕೆ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿಕೊಳ್ಳುವ ದಾರಿ ಇದ್ದೇ ಇದೆ.