ಹಳೆ ಲ್ಯಾಪ್‌ಟಾಪ್‌ಗೆ ರಾಸ್ಪ್‌ಬೆರಿ ಪೈ ಮರುಜೀವ ಕೊಡುತ್ತಾ?

ಚೆನ್ನೈ: ತಮಿಳುನಾಡು ಸರ್ಕಾರ 2011ರಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಆರಂಭಿಸಿತು. ಅಂಥದ್ದೊಂದು ಮನೆಯಲ್ಲಿ ಕೆಟ್ಟು ಮೂಲೆ ಸೇರಿದ್ದರೆ, ಒಳಗೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಕೂರಿಸಿ ಮತ್ತೆ ಓಡಿಸಬಹುದೇ?

ಓಡಿಸಬಹುದು, ಆದರೆ ಸಲೀಸಲ್ಲ. ಪೈ ಚಿತ್ರ ಕಳಿಸುವುದು ಎಚ್‌ಡಿಎಂಐ ಮೂಲಕ. ಲ್ಯಾಪ್‌ಟಾಪ್ ಪರದೆಗೆ ಬೇಕಿರುವುದು ಎಲ್‌ವಿಡಿಎಸ್ ಇಲ್ಲವೇ ಇಡಿಪಿ ಸಂಕೇತ. ನಡುವೆ ಕಂಟ್ರೋಲರ್ ಬೋರ್ಡ್ ಹಾಕಲೇಬೇಕು. ಪರದೆಯ ಹಿಂಬದಿಯ ಮಾಡೆಲ್ ನಂಬರ್ ಬರೆದುಕೊಂಡು ರಿಚ್ಚಿ ಸ್ಟ್ರೀಟ್‌ನಂಥ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಲ್ಲಿ ವಿಚಾರಿಸಬೇಕು. ಕೀಬೋರ್ಡ್‌ನ ಪಟ್ಟಿ ಕೇಬಲ್ ಕೂಡ ಪೈಗೆ ನೇರವಾಗಿ ಸೇರದು. ಹೊರಗಿನ ಯುಎಸ್‌ಬಿ ಕೀಬೋರ್ಡೇ ಗತಿ. ಹಳೆ ಬ್ಯಾಟರಿಯ ತಂಟೆಗಂತೂ ಹೋಗದಿರುವುದೇ ಕ್ಷೇಮ.

ಮದರ್‌ಬೋರ್ಡ್ ಸತ್ತು, ಪರದೆ ಚೆನ್ನಾಗಿದ್ದರೆ ಮಾತ್ರ ಈ ಸಾಹಸ. ಬರೀ ನಿಧಾನವಾಗಿದ್ದರೆ? ಎಸ್‌ಎಸ್‌ಡಿ ಹಾಕಿಸಿ, ಹಗುರವಾದ ಲಿನಕ್ಸ್ ಇನ್‌ಸ್ಟಾಲ್ ಮಾಡಿಸಿ. ಪರದೆ, ಕೀಬೋರ್ಡ್ ಎರಡೂ ಇದ್ದಲ್ಲೇ ಇರುತ್ತವೆ.