ತಿನ್ನದವರೂ ತೊರೆದವರೂ: ಸಸ್ಯಾಹಾರವನ್ನು ಕುರಿತ ಸಮಾಜದೃಷ್ಟಿ

ಕನ್ನಡ ನಾಡಿನ ಊರುಗಳಲ್ಲಿ ಹೊಸಬರನ್ನು ಊಟಕ್ಕೆ ಕರೆಯುವ ಮೊದಲು ಕೇಳುವ ಪ್ರಶ್ನೆಯೊಂದಿದೆ: ‘ನೀವು ತಿನ್ನುವವರೋ, ತಿನ್ನದವರೋ?’ ವ್ಯಾಕರಣದ ದೃಷ್ಟಿಯಿಂದ ಈ ವಾಕ್ಯ ಅಪೂರ್ಣವಾದುದು. ಏನನ್ನು ತಿನ್ನುವುದು ಎಂಬ ಕರ್ಮಪದವೇ ಇದರಲ್ಲಿಲ್ಲ. ಆದರೂ ಕೇಳುವವರಿಗಾಗಲಿ ಉತ್ತರಿಸುವವರಿಗಾಗಲಿ ಅರ್ಥದಲ್ಲಿ ತೊಡಕುಂಟಾಗುವುದಿಲ್ಲ. ಜಾತಿಯನ್ನು ನೇರವಾಗಿ ಕೇಳಲು ಸಂಕೋಚಪಡುವವರು ಅನೇಕ ವೇಳೆ ಈ ಪ್ರಶ್ನೆಯ ಮೂಲಕ ಅದನ್ನೇ ತಿಳಿದುಕೊಳ್ಳುತ್ತಾರೆ. ನಮ್ಮಲ್ಲಿ ಸಸ್ಯಾಹಾರವೆಂಬುದು ಎಲೆಯ ಮೇಲೆ ಬಡಿಸಿದ ಪದಾರ್ಥಕ್ಕಿಂತ ಹೆಚ್ಚಾಗಿ ಎಲೆಯ ಮುಂದೆ ಕುಳಿತವರ ಹುಟ್ಟನ್ನು ಸೂಚಿಸುವ ಮಾತಾಗಿದೆ. ಆದರೆ ಇದೇ ಆಹಾರಕ್ರಮಕ್ಕೆ ಬೇರೆಡೆಗಳಲ್ಲಿ ಬೇರೆಯ ಅರ್ಥ ಬಂದಿದೆ. ಹುಟ್ಟಿನಿಂದ ತಿನ್ನದವರು ಮತ್ತು ವಿಚಾರಮಾಡಿ ತೊರೆದವರು ಎಂಬ ಈ ಎರಡು ವರ್ಗಗಳನ್ನು ಸಮಾಜವು ಹೇಗೆ ಕಂಡಿದೆ, ಈ ಭೇದವು ಇಂದಿನ ನಗರಜೀವನಕ್ಕೆ ಏಕೆ ಮುಖ್ಯವಾದುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದೆ.

ಮೊದಲು ಇಂಗ್ಲೆಂಡಿನ ಸ್ಥಿತಿಯನ್ನು ನೋಡೋಣ. ಅಲ್ಲಿನ ಸಸ್ಯಾಹಾರಿಗಳ ಸಂಘವು 1847ರಲ್ಲಿ ರಾಮ್ಸ್‌ಗೇಟ್ ಎಂಬ ಊರಿನಲ್ಲಿ ಸ್ಥಾಪಿತವಾಯಿತು. ಮಾಂಸವೇ ಬಲಕ್ಕೂ ಗೌರವಕ್ಕೂ ಗುರುತಾಗಿದ್ದ ಸಮಾಜದಲ್ಲಿ ಅದನ್ನು ಬಿಟ್ಟವರನ್ನು ಜನರು ವಿಚಿತ್ರ ವ್ಯಕ್ತಿಗಳೆಂದು ಹಾಸ್ಯಮಾಡಿದರು. ಆದುದರಿಂದ ಸಸ್ಯಾಹಾರಿಯಾದವನು ತನ್ನ ನಡತೆಗೆ ಕಾರಣವನ್ನು ಹೇಳಲೇಬೇಕಾಗಿತ್ತು. ಹೆನ್ರಿ ಸಾಲ್ಟ್ 1886ರಲ್ಲಿ ಪ್ರಕಟಿಸಿದ ಸಸ್ಯಾಹಾರ ಸಮರ್ಥನೆಯ ಗ್ರಂಥವು ಹೀಗೆ ಕಾರಣ ಹೇಳಬೇಕಾದ ಆವಶ್ಯಕತೆಯಿಂದ ಹುಟ್ಟಿದ್ದು.

1888ರಲ್ಲಿ ಲಂಡನ್ನಿಗೆ ಹೋದ ಗಾಂಧೀಜಿಯವರ ಕೈಗೆ ಸಿಕ್ಕಿದ್ದು ಇದೇ ಗ್ರಂಥ. ಅವರು ಹುಟ್ಟಿದ್ದು ಮಾಂಸವನ್ನು ಮುಟ್ಟದ ವೈಷ್ಣವ ಮನೆತನದಲ್ಲಿ. ಬಾಲ್ಯದಲ್ಲಿ ಒಬ್ಬ ಗೆಳೆಯನ ಮಾತು ಕೇಳಿ ಗುಟ್ಟಾಗಿ ಮಾಂಸವನ್ನು ತಿಂದಿದ್ದರು. ಇಂಗ್ಲೆಂಡಿನಲ್ಲಿ ಅದನ್ನು ಮುಟ್ಟದಿದ್ದುದಕ್ಕೆ ತಾಯಿಗೆ ಕೊಟ್ಟ ಮಾತೇ ಕಾರಣವಾಗಿತ್ತು. ಭಾರತೀಯರೆಲ್ಲರೂ ಮಾಂಸಾಹಾರಿಗಳಾಗಬೇಕೆಂಬ ಹಂಬಲ ಅವರ ಮನಸ್ಸಿನಲ್ಲಿ ಆಗಲೂ ಉಳಿದಿತ್ತು. ಫ್ಯಾರಿಂಗ್ಡನ್ ಬೀದಿಯ ಸಸ್ಯಾಹಾರಿ ಭೋಜನಗೃಹದಲ್ಲಿ ಕೊಂಡ ಆ ಪುಸ್ತಕವನ್ನು ಓದಿದಂದಿನಿಂದ ತಾವು ಸ್ವಂತ ಇಚ್ಛೆಯಿಂದ ಸಸ್ಯಾಹಾರಿಯಾದುದಾಗಿ ಅವರು ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಅವರ ಎಲೆಯ ಮೇಲಿನ ಅನ್ನ ಬದಲಾಗಲಿಲ್ಲ. ಅದನ್ನು ಉಣ್ಣುವ ಕಾರಣ ಬದಲಾಯಿತು. ತಿನ್ನದವರ ಮನೆಯಲ್ಲಿ ಹುಟ್ಟಿದವರೊಬ್ಬರು ತೊರೆದವರಾದ ಬಗೆ ಇದು.

ವಿಚಾರಪೂರ್ವಕವಾದ ತ್ಯಾಗ ಭಾರತಕ್ಕೆ ಹೊಸದೆಂದು ಇದರಿಂದ ಭಾವಿಸಬಾರದು. ಕನ್ನಡದ ಪರಂಪರೆಯಲ್ಲಿಯೇ ಇದಕ್ಕೆ ಪ್ರಬಲವಾದ ಆಧಾರಗಳುಂಟು. 1209ರಲ್ಲಿ ಜನ್ನನು ರಚಿಸಿದ ‘ಯಶೋಧರಚರಿತೆ’ಯಲ್ಲಿ ದೊರೆಯು ಕೊಲ್ಲುವುದು ನಿಜವಾದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪಹಿಂಸೆಯ ಫಲವಾಗಿ ಅವನೂ ಅವನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ತೊಳಲುತ್ತಾರೆ. ಹಿಂಸೆಯ ನೆಲೆ ಪದಾರ್ಥದಲ್ಲಿಲ್ಲ, ಮನಸ್ಸಿನಲ್ಲಿದೆ ಎಂಬುದು ಆ ಕಾವ್ಯದ ತಿರುಳು. ಹನ್ನೆರಡನೆಯ ಶತಮಾನದ ಶರಣರೂ ಪ್ರಾಣಿಬಲಿಯನ್ನು ಖಂಡಿಸಿದರು. ನಾನಾ ಕಾಯಕಗಳವರು ಆ ಮಾರ್ಗವನ್ನು ಹಿಡಿದಾಗ ಮಾಂಸವನ್ನು ಬಿಡುವುದು ಹೊಸ ಬಾಳಿನ ಸಂಕಲ್ಪದ ಒಂದು ಅಂಗವಾಯಿತು. ಆದರೆ ಒಬ್ಬರು ಮಾಡಿದ ಸಂಕಲ್ಪ ಮಕ್ಕಳಿಗೆ ಆಚಾರವಾಗುತ್ತದೆ, ಮೊಮ್ಮಕ್ಕಳಿಗೆ ಹುಟ್ಟಾಗುತ್ತದೆ. ಮೊದಲು ವ್ರತವಾಗಿದ್ದುದು ಕಾಲಕ್ರಮದಲ್ಲಿ ಕುಲದ ಲಕ್ಷಣವಾಯಿತು.

ಕುಲದ ಲಕ್ಷಣವಾದ ಮೇಲೆ ಅದಕ್ಕೆ ಸಾಮಾಜಿಕ ಬೆಲೆಯೂ ಬಂದಿತು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಕೊಡಗರನ್ನು ಕುರಿತು 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪ್ರಕ್ರಿಯೆಯನ್ನು ಸ್ಪಷ್ಟವಾಗಿ ನಿರೂಪಿಸಿದರು. ಕೆಳಗಿನದೆಂದು ಎಣಿಸಲ್ಪಟ್ಟ ಜಾತಿಯು ಮಾಂಸವನ್ನೂ ಮದ್ಯವನ್ನೂ ಬಿಟ್ಟು ಮೇಲಿನವರ ಆಚಾರಗಳನ್ನು ಅನುಸರಿಸಿ ಒಂದೆರಡು ತಲೆಮಾರುಗಳಲ್ಲಿ ಮೇಲೇರಲು ಯತ್ನಿಸುವುದನ್ನು ಅವರು ‘ಸಂಸ್ಕೃತೀಕರಣ’ ಎಂದು ಕರೆದರು. ಇಂಗ್ಲೆಂಡಿನಲ್ಲಿ ಮಾಂಸವನ್ನು ಬಿಟ್ಟವನು ನಗೆಗೀಡಾಗುತ್ತಿದ್ದನು; ಇಲ್ಲಿ ಅದನ್ನು ಬಿಟ್ಟವನಿಗೆ ಮರ್ಯಾದೆ ಹೆಚ್ಚುತ್ತಿತ್ತು.

ಈ ಮರ್ಯಾದೆಯ ಪ್ರಭಾವದಿಂದ ಭಾರತವು ಸಸ್ಯಾಹಾರಿಗಳ ದೇಶವೆಂಬ ನಂಬಿಕೆ ಹರಡಿದೆ. ಅಂಕಿಗಳು ಇದನ್ನು ಸಮರ್ಥಿಸುವುದಿಲ್ಲ. 2014ರ ಸರಕಾರಿ ಮಾದರಿ ಸಮೀಕ್ಷೆಯ ಪ್ರಕಾರ 15 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟವರಲ್ಲಿ ನೂರಕ್ಕೆ ಸುಮಾರು 71 ಮಂದಿ ಮಾಂಸಾಹಾರಿಗಳು. ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು 79, ತಮಿಳುನಾಡಿನಲ್ಲಿ 97ಕ್ಕೂ ಹೆಚ್ಚು, ರಾಜಸ್ಥಾನದಲ್ಲಿ ಸುಮಾರು 25. ಜಾತಿಯ ಮೇಲು ಕೀಳುಗಳೊಡನೆಯೂ ಆಹಾರವು ಎಲ್ಲೆಡೆ ಹೊಂದಿಕೊಳ್ಳುವುದಿಲ್ಲ. ಕೊಂಕಣ ಕರಾವಳಿಯ ಸಾರಸ್ವತರಲ್ಲಿ ಅನೇಕರೂ ಬಂಗಾಳದ ಬ್ರಾಹ್ಮಣರೂ ಮೀನನ್ನು ತಿನ್ನುತ್ತಾರೆ. ಕಾಶ್ಮೀರದ ಪಂಡಿತರ ಹಬ್ಬದ ಅಡಿಗೆಯಲ್ಲಿ ಕುರಿಮಾಂಸವುಂಟು. ತಿನ್ನದವರು ಎಣಿಕೆಯಲ್ಲಿ ಕಡಮೆಯಾಗಿದ್ದರೂ ಯಾವುದು ಸಹಜ, ಯಾವುದು ಅಪವಾದ ಎಂಬುದನ್ನು ನಿರ್ಣಯಿಸುವ ಅಧಿಕಾರ ಬಹುಕಾಲದಿಂದ ಅವರ ಕೈಯಲ್ಲಿದೆ.

ಹೊರನಾಡ ಕನ್ನಡಿಗರಿಗೆ ಈ ವಿಷಯದ ಎರಡು ಮುಖಗಳೂ ಪರಿಚಿತವಾದವು. ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಊಟದ ಮನೆಯಂತಹ ಸಂಸ್ಥೆಗಳು ಪರಸ್ಥಳದಲ್ಲಿದ್ದ ಸಾವಿರಾರು ಜನರಿಗೆ ಕಡಮೆ ಹಣದಲ್ಲಿ ಅನ್ನವಿಕ್ಕಿದವು. ಅಕ್ಕಪಕ್ಕದಲ್ಲಿ ಕುಳಿತವರ ಜಾತಿಯನ್ನು ಕೇಳದೆ ಉಣ್ಣುವ ಅಭ್ಯಾಸವನ್ನು ನಗರದ ಉಡುಪಿ ಹೋಟೆಲುಗಳು ಬೆಳಸಿದುದು ಸಣ್ಣ ಉಪಕಾರವಲ್ಲ. ಆದರೆ ಅದೇ ಶತಮಾನದಲ್ಲಿ ಮದ್ರಾಸಿನ ಕೆಲವು ಸಸ್ಯಾಹಾರಿ ಹೋಟೆಲುಗಳು ‘ಬ್ರಾಹ್ಮಣ’ ಎಂಬ ಫಲಕವನ್ನು ತೂಗಹಾಕಿದ್ದವು. 1957ರಲ್ಲಿ ಪೆರಿಯಾರ್ ಇ. ವೆ. ರಾಮಸ್ವಾಮಿಯವರು ತಿರುವಲ್ಲಿಕ್ಕೇಣಿಯ ಒಂದು ಹೋಟೆಲಿನ ಮುಂದೆ ಚಳವಳಿ ಹೂಡಿದುದು ಆ ಪದದ ವಿರುದ್ಧ, ಅಲ್ಲಿ ಬಡಿಸುತ್ತಿದ್ದ ಅನ್ನದ ವಿರುದ್ಧವಲ್ಲ. ಫಲಕಗಳು ಹೋದುವು, ಪ್ರಶ್ನೆ ಹೋಗಲಿಲ್ಲ. ಮುಂಬಯಿಯಲ್ಲಿ ಮನೆಯನ್ನು ಬಾಡಿಗೆಗೆ ಕೇಳಿದವರಿಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಉತ್ತರ ಇಂದಿಗೂ ದೊರೆಯುತ್ತದೆ. ಹೊರನೋಟಕ್ಕೆ ಇದು ಅಡಿಗೆಮನೆಯ ವಾಸನೆಯ ಮಾತು. ಪರಿಣಾಮದಲ್ಲಿ ಮುಸಲ್ಮಾನರಿಗೂ ದಲಿತರಿಗೂ ಮೀನು ತಿನ್ನುವ ಕರಾವಳಿಯವರಿಗೂ ಬಾಗಿಲು ಮುಚ್ಚುವ ಉಪಾಯ. 2023ರಲ್ಲಿ ಪವಯಿಯ ಐಐಟಿಯ ವಿದ್ಯಾರ್ಥಿನಿಲಯಗಳ ಭೋಜನಶಾಲೆಯಲ್ಲಿ ಕೆಲವು ಮೇಜುಗಳನ್ನು ಸಸ್ಯಾಹಾರಿಗಳಿಗೆಂದೇ ಮೀಸಲಿಟ್ಟಾಗ ವಿದ್ಯಾರ್ಥಿಗಳು ಪ್ರತಿಭಟಿಸಿದುದೂ ಈ ಕಾರಣದಿಂದಲೇ.

ಕರ್ನಾಟಕದಲ್ಲಿ ಈ ವಿವಾದ ಮಕ್ಕಳ ತಟ್ಟೆಯವರೆಗೂ ಬಂದಿತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಶಾಲೆಯ ಬಿಸಿಯೂಟದೊಡನೆ ಮೊಟ್ಟೆ ಕೊಡುವ ಯೋಜನೆ ಆರಂಭವಾದಾಗ ಕೆಲವು ಮಠಾಧಿಪತಿಗಳು ಅದನ್ನು ವಿರೋಧಿಸಿದರು. ತಿನ್ನದ ಮಕ್ಕಳ ಮನಸ್ಸಿಗೆ ನೋವಾಗಬಾರದೆಂಬ ಅವರ ಕಾಳಜಿಯನ್ನು ಅಲ್ಲಗಳೆಯಲಾಗದು. ಅಂತಹ ಮಕ್ಕಳಿಗೆ ಬಾಳೆಹಣ್ಣನ್ನು ಕೊಡುವ ಏರ್ಪಾಡಿತ್ತು. ಆದರೆ ಅಪೌಷ್ಟಿಕತೆ ಹೆಚ್ಚಾಗಿರುವ ಆ ಜಿಲ್ಲೆಗಳಲ್ಲಿ ಬಹುಪಾಲು ಮಕ್ಕಳು ಮೊಟ್ಟೆಯನ್ನೇ ಆರಿಸಿಕೊಂಡರು. ಮುಂದಿನ ವರ್ಷ ಯೋಜನೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. ತಾನು ತಿನ್ನದಿರುವುದು ಒಬ್ಬರ ವ್ರತ. ಹಸಿದ ಮತ್ತೊಬ್ಬರ ಮಗು ತಿನ್ನಬಾರದೆನ್ನುವುದು ವ್ರತವಲ್ಲ.

ಈ ಹಂತದಲ್ಲಿ ವೀಗನ್ ಪಂಥವು ತಿನ್ನದವರನ್ನೇ ಪ್ರಶ್ನಿಸಲು ಬಂದಿದೆ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ಹಾಲು, ಮೊಟ್ಟೆಗಳನ್ನೂ ಬಿಟ್ಟವರ ಸಂಘವನ್ನು ಸ್ಥಾಪಿಸಿದರು. ‘ವೆಜಿಟೇರಿಯನ್’ ಎಂಬ ಪದದ ಮೊದಲನ್ನೂ ಕೊನೆಯನ್ನೂ ಜೋಡಿಸಿ ‘ವೀಗನ್’ ಎಂಬ ಹೆಸರನ್ನು ರಚಿಸಲಾಯಿತು. ಅವರ ವಾದ ಸರಳವಾದುದು. ಕರು ಹುಟ್ಟದೆ ಹಾಲಿಲ್ಲ. ಹುಟ್ಟಿದ ಗಂಡುಕರುವಿಗೂ ಹಾಲು ಬತ್ತಿದ ಹಸುವಿಗೂ ಹೈನು ವ್ಯವಹಾರದಲ್ಲಿ ಬೆಲೆಯಿಲ್ಲ. ಅವುಗಳ ಕೊನೆ ಬಹುತೇಕ ಕಟುಕನ ಮನೆಯಲ್ಲಿಯೇ. ಆದುದರಿಂದ ಹಾಲನ್ನು ಕುಡಿದು ಹಿಂಸೆಯಿಂದ ದೂರವಿದ್ದೇನೆ ಎನ್ನಲಾಗದು. ಗಾಂಧೀಜಿಯವರನ್ನೂ ಈ ವಿಚಾರ ಕಾಡಿತ್ತು. 1912ರಲ್ಲಿ ಅವರು ಹಾಲನ್ನು ಬಿಟ್ಟರು. ಕಾಯಿಲೆಯಿಂದ ಕಂಗೆಟ್ಟಾಗ ಕಸ್ತೂರಬಾ ಅವರ ಸೂಚನೆಯಂತೆ ಮೇಕೆಯ ಹಾಲನ್ನು ಸ್ವೀಕರಿಸಿದರು. ವ್ರತದ ಅಕ್ಷರ ಉಳಿದರೂ ಅದರ ಜೀವ ಹೋಯಿತೆಂದು ಕೊನೆಯವರೆಗೂ ಕೊರಗಿದರು. ಕೇವಲ ಸಸ್ಯಜನ್ಯವಾದ ಆಹಾರದಲ್ಲಿ ಬಿ12 ಜೀವಸತ್ವ ದೊರೆಯದೆಂಬುದನ್ನು ಇಂದಿನ ವಿಜ್ಞಾನ ತಿಳಿದಿದೆ. ಈ ವ್ರತವನ್ನು ಹಿಡಿದವರು ಅದನ್ನು ಬೇರೆ ರೂಪದಲ್ಲಿ ಸೇವಿಸಬೇಕಾಗುತ್ತದೆ.

ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದರಲ್ಲಿ ಒಮ್ಮತವಿಲ್ಲ. ಜೈನರು ಹಾಲನ್ನು ಒಪ್ಪಿ ಜೇನನ್ನೂ ಗೆಡ್ಡೆಗಳನ್ನೂ ಬಿಡುತ್ತಾರೆ; ವೀಗನರು ಗೆಡ್ಡೆಗಳನ್ನು ಒಪ್ಪಿ ಹಾಲನ್ನೂ ಜೇನನ್ನೂ ಬಿಡುತ್ತಾರೆ. ಪೊಟ್ಟಣಗಳ ಮೇಲೆ ಹಸಿರು ಚುಕ್ಕೆಯನ್ನು ಕಡ್ಡಾಯಮಾಡಿದ ನಮ್ಮ ಕಾನೂನು ಹಾಲಿಗೂ ಜೇನಿಗೂ ಆ ಚುಕ್ಕೆಯನ್ನು ಕೊಡುತ್ತದೆ, ಮೊಟ್ಟೆಗೆ ಕೊಡುವುದಿಲ್ಲ. ವೀಗನ್ ಪದಾರ್ಥಗಳಿಗೆ 2022ರಲ್ಲಿ ಪ್ರತ್ಯೇಕ ನಿಯಮಗಳೂ ಲಾಂಛನವೂ ಬಂದುವು.

ಹಾಲು, ಮೊಸರು, ತುಪ್ಪಗಳಿಲ್ಲದ ಹಬ್ಬವನ್ನೂ ಪಂಚಾಮೃತವಿಲ್ಲದ ಪೂಜೆಯನ್ನೂ ಊಹಿಸಲಾರದ ಮನೆಗಳಲ್ಲಿ ಈಗ ಮಗನೋ ಮಗಳೋ ಹಾಲನ್ನು ಬಿಡುತ್ತೇನೆಂದರೆ ಹಿರಿಯರು ನಗುತ್ತಾರೆ, ‘ಇದೆಂತಹ ಹುಚ್ಚು’ ಎನ್ನುತ್ತಾರೆ, ಮೈಗೆ ಶಕ್ತಿ ಎಲ್ಲಿಂದ ಬಂದೀತೆಂದು ಕೇಳುತ್ತಾರೆ. ಮಾಂಸವನ್ನು ಬಿಟ್ಟವರನ್ನು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್ ಕೇಳಿದ ಪ್ರಶ್ನೆಗಳು ಇವೇ. ತಾವು ಮಾಡದ ತ್ಯಾಗಕ್ಕೆ ಗೌರವವನ್ನು ಪಡೆಯುತ್ತ ಬಂದ ತಿನ್ನದವರು, ತ್ಯಾಗ ಮಾಡಿದವರೊಬ್ಬರು ಎದುರಿಗೆ ನಿಂತಾಗ ಅವರಿಗೆ ಕೊಡಬೇಕಾದ ಗೌರವವನ್ನು ಕೊಡದಿರುವುದು ಆಶ್ಚರ್ಯವೇನಲ್ಲ. ಆದರೆ ನ್ಯಾಯವೂ ಅಲ್ಲ. ತೊರೆದವರಿಗೂ ಒಂದು ಮಾತು ಸಲ್ಲುತ್ತದೆ. ಅವರ ಸಂಕಲ್ಪವೂ ಮುಂದೊಂದು ದಿನ ಮನೆಯನ್ನು ಬಾಡಿಗೆಗೆ ಕೊಡದಿರಲು ನೆಪವಾದರೆ ಹಳೆಯ ಕಥೆಯೇ ಮತ್ತೆ ನಡೆದಂತಾಗುವುದು. ಆಹಾರದಲ್ಲಿ ಸಂಯಮವನ್ನು ಬಯಸುವವರು ಅದನ್ನು ತಮ್ಮ ಎಲೆಗೆ ಅನ್ವಯಿಸಿಕೊಂಡು, ನೆರೆಯವರ ಎಲೆಯನ್ನು ಅವರಿಗೇ ಬಿಡುವುದು ಹಲವು ಜನ ಕೂಡಿ ಬಾಳುವ ನಗರಗಳಲ್ಲಿ ತಕ್ಕ ಮಾರ್ಗವೆಂದು ತೋರುತ್ತದೆ.