ನಿಂತಲ್ಲೇ ನಡುಗುವ ಕಾರು: ಪಾರ್ಟ್ ಬದಲಿಸುವ ಮೊದಲು ಇಷ್ಟು ನೋಡ್ರಿ

ಸೋಯಾ ರಾಶಿ ಮುಗಿದು ತೊಗರಿ ರಾಶಿ ಬರುವ ಹೊತ್ತಿಗೆ ನಮ್ಮ ಬೀದರ್ ಜಿಲ್ಲೆಯ ಗಾಡಿಗಳು ದೂಳು, ಹೊಟ್ಟು ಸಾಕಷ್ಟು ಕುಡಿದಿರುತ್ತವೆ. ಓಡುವಾಗ ಸರಿ ಇರುವ ಕಾರು ನಿಂತಾಗ ಗಡಗಡ ನಡುಗುತ್ತದೆ, ಕೆಲವೊಮ್ಮೆ ತಾನೇ ಬಂದ್ ಆಗುತ್ತದೆ. ಔರಾದ್ ಇರಲಿ, ಭಾಲ್ಕಿ ಇರಲಿ, ಬೀದರ್ ನಗರಕ್ಕೆ ಸುಮಾರು ನಲವತ್ತು ಕಿಲೋಮೀಟರ್ ದಾರಿ. ನಡುವೆ ಗಾಡಿ ನಿಂತರೆ ಒಂದು ದಿನದ ಕೆಲಸ ಹೋಯಿತು. ಹಾಗಂತ ಅಂದಾಜಿನ ಮೇಲೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋದರೆ ರಾಶಿಯ ರೊಕ್ಕ ಗ್ಯಾರೇಜಿಗೇ ಹೋಗುತ್ತದೆ. ಅಗ್ಗದ ಕಾರಣದಿಂದ ದುಬಾರಿ ಕಾರಣದ ಕಡೆಗೆ ಸಾಗುವುದೇ ಸರಿಯಾದ ದಾರಿ.

ನಿಂತಾಗಲೇ ಏಕೆ ನಡುಗುತ್ತದೆ?

ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವುದಕ್ಕೆ ಐಡಲ್ ಅಂತೀವಿ. ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಆಗ ಆರ್‌ಪಿಎಂ 700ರಿಂದ 900 ಇರುತ್ತದೆ. ಈ ಹೊತ್ತಿನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿ ಬಹಳ ಕಡಿಮೆ. ಆದ್ದರಿಂದ ಪೈಪಿನ ಸಣ್ಣ ಸೀಳು ಅಥವಾ ಒಂದು ಪ್ಲಗ್‌ನ ತೊಂದರೆ ಕೂಡ ಎದ್ದು ಕಾಣುತ್ತದೆ. ವೇಗ ಹೆಚ್ಚಿದರೆ ಅದೇ ದೋಷ ಮುಚ್ಚಿಹೋಗುತ್ತದೆ.

ಮೊದಲು ಲಕ್ಷಣ ಬರೆದಿಟ್ಟುಕೊಳ್ಳಿ

• ಚಳಿಗಾಲದ ಬೆಳಗ್ಗೆ ಚಾಲೂ ಮಾಡಿದ ಒಂದೆರಡು ನಿಮಿಷ ಆರ್‌ಪಿಎಂ ಹೆಚ್ಚಿರುವುದು ಸಹಜ. ಮೂರು ಸಿಲಿಂಡರ್ ಕಾರಿನಲ್ಲಿ ತುಸು ನಡುಕವೂ ಸಹಜ.
• ಆರ್‌ಪಿಎಂ ಮುಳ್ಳು ಅಲುಗದೆ ಸೀಟು, ಸ್ಟೀರಿಂಗ್ ಮಾತ್ರ ನಡುಗಿದರೆ ಎಂಜಿನ್ ಮೌಂಟಿಂಗ್ ರಬ್ಬರ್ ಸವೆದಿರಬಹುದು.
• ಮುಳ್ಳು ಮೇಲೆ ಕೆಳಗೆ ಆಡಿದರೆ, ಎಸಿ ಹಾಕಿದ ಕೂಡಲೇ ಗಾಡಿ ಬಂದ್ ಆದರೆ ಗಾಳಿಯ ದಾರಿ ನೋಡಬೇಕು.
• ತಾಳ ತಪ್ಪಿದಂತೆ ಟಕ್ ಟಕ್ ಮಿಸ್ಸಿಂಗ್ ಹೊಡೆದರೆ ಮೊದಲ ಅನುಮಾನ ಪ್ಲಗ್, ಕಾಯಿಲ್ ಮೇಲೆ.

ಮೊಬೈಲ್‌ನಲ್ಲಿ ಮುಳ್ಳು ಮತ್ತು ಸದ್ದು ಎರಡೂ ಬರುವಂತೆ ವಿಡಿಯೋ ಮಾಡಿಡಿ. ಗ್ಯಾರೇಜ್ ಮುಟ್ಟುವ ಹೊತ್ತಿಗೆ ನಡುಕ ನಿಂತಿದ್ದರೂ ಮೆಕ್ಯಾನಿಕ್‌ಗೆ ತೋರಿಸಬಹುದು.

1. ಗಾಳಿಯ ದಾರಿ

ಏರ್ ಫಿಲ್ಟರ್ ತೆಗೆದು ನೋಡ್ರಿ. ದೂಳು ತುಂಬಿದ್ದರೆ ಗಾಡಿಯ ಎಳೆತ ಕಡಿಮೆಯಾಗುತ್ತದೆ. ಹರಿದಿದ್ದರೆ ದೂಳು ನೇರ ಒಳಗೆ ಹೋಗಿ ಥ್ರಾಟಲ್ ಬಾಡಿಯಲ್ಲಿ ಕೂರುತ್ತದೆ. ಹೊಲದ ದಾರಿಯಲ್ಲಿ ಓಡುವ ಗಾಡಿಗೆ ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಬೇಗ ಫಿಲ್ಟರ್ ಬದಲಿಸಬೇಕು. ಫಿಲ್ಟರ್ ಇಲ್ಲದೆ ಮಾತ್ರ ಗಾಡಿ ಓಡಿಸಬ್ಯಾಡ್ರಿ.

ಆಮೇಲೆ ರಬ್ಬರ್ ಪೈಪುಗಳು. ಕಾಳಿನ ಚೀಲದ ಪಕ್ಕ ಕಾರು ನಿಲ್ಲಿಸಿದರೆ ಇಲಿ ಬಾನೆಟ್ ಒಳಗೂ ಹೋಗುತ್ತದೆ. ಪೈಪ್, ವೈರ್ ಕಡಿದಿದೆಯೇ ಅಂತ ಟಾರ್ಚ್ ಹಾಕಿ ನೋಡಿ. ಎಂಜಿನ್ ಚಾಲೂ ಇದ್ದಾಗ 'ಸ್ಸ್' ಅಂತ ಸದ್ದು ಬಂದರೆ ಅಲ್ಲಿ ಗಾಳಿ ಸೋರಿಕೆ ಇದೆ. ಅನುಮಾನದ ಜೋಡಣೆಗೆ ಸ್ವಲ್ಪ ಸೋಪಿನ ನೀರು ಸಿಂಪಡಿಸಿ. ಎಂಜಿನ್ ಸದ್ದು ಬದಲಾದರೆ ಜಾಗ ಸಿಕ್ಕಿತು. ವೈರ್, ಕಾಯಿಲ್ ಮೇಲೆ ನೀರು ಬೀಳಬಾರದು. ಪೆಟ್ರೋಲ್ ಸಿಂಪಡಿಸಿ ನೋಡುವುದಂತೂ ಬೆಂಕಿಗೆ ಆಹ್ವಾನ.

ಪೈಪ್ ಸರಿ ಇದ್ದರೆ ಥ್ರಾಟಲ್ ಬಾಡಿ ಸ್ವಚ್ಛ ಮಾಡಿಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ಅದರ ತಟ್ಟೆಯನ್ನು ಬೆರಳಿನಿಂದ ಒತ್ತಬೇಡಿ. ಕೆಲವು ಕಾರುಗಳಲ್ಲಿ ಸ್ವಚ್ಛ ಮಾಡಿದ ಮೇಲೆ ಸ್ಕ್ಯಾನರ್‌ನಿಂದ ಐಡಲ್ ಮತ್ತೆ ಹೊಂದಿಸಬೇಕಾಗುತ್ತದೆ.

2. ಕಿಡಿ

ಎಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿ. ತುದಿ ತಿಳಿ ಕಂದು ಇದ್ದರೆ ಚಲೋ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಎಣ್ಣೆಯ ಪಸೆ ಇದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ, ಅದು ಮೆಕ್ಯಾನಿಕ್ ಕೆಲಸ.

ಪ್ರತಿ ಪ್ಲಗ್‌ಗೂ ಬೇರೆ ಕಾಯಿಲ್ ಇದ್ದರೆ ಒಂದು ಸುಲಭ ಪರೀಕ್ಷೆ ಇದೆ. ಅನುಮಾನದ ಕಾಯಿಲ್ ಅನ್ನು ಪಕ್ಕದ ಸಿಲಿಂಡರಿಗೆ ಹಾಕಿ. ಮಿಸ್ಸಿಂಗ್ ಕೂಡ ಆ ಸಿಲಿಂಡರಿಗೆ ಹೋದರೆ ಕಾಯಿಲ್ ಕೆಟ್ಟಿದೆ, ಹೋಗದಿದ್ದರೆ ಕಾಯಿಲ್ ಕೊಳ್ಳುವ ಖರ್ಚು ಉಳಿಯಿತು. ಎಂಜಿನ್ ಓಡುವಾಗ ಕಾಯಿಲ್ ಮುಟ್ಟಬ್ಯಾಡ್ರಿ, ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

3. ಇಂಧನ

ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ 20% ತನಕ ಎಥೆನಾಲ್ ಇರುತ್ತದೆ. ಎಥೆನಾಲ್ ತೇವ ಹೀರುತ್ತದೆ. ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರು ನಡುಗಿದರೆ ಹಳೆಯ ಪೆಟ್ರೋಲ್ ಮೇಲೂ ಅನುಮಾನ ಇರಲಿ. ಡೀಸೆಲ್ ಗಾಡಿಯಾದರೆ ಫಿಲ್ಟರ್ ಕೆಳಗಿನ ನೀರು ಹೊರಗೆ ಬಿಡಿ. ಆದರೆ ಕಾಮನ್ ರೈಲ್ ಡೀಸೆಲ್ ಪೈಪ್ ಮನೆಯಲ್ಲಿ ಬಿಚ್ಚಬ್ಯಾಡ್ರಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ.

ಮೊಬೈಲೇ ಸ್ಕ್ಯಾನರ್

ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ ಒಬಿಡಿ ಪೋರ್ಟ್ ಇರುತ್ತದೆ. ಅದಕ್ಕೆ ಬ್ಲೂಟೂತ್ ಅಡಾಪ್ಟರ್ ಹಚ್ಚಿದರೆ ಆ್ಯಪ್‌ನಲ್ಲಿ ಕೋಡ್ ಕಾಣುತ್ತದೆ. ಪಿ0300 ಅಂದರೆ ಎಲ್ಲೆಂದರಲ್ಲಿ ಮಿಸ್ಸಿಂಗ್, ಪಿ0302 ಅಂದರೆ ಎರಡನೇ ಸಿಲಿಂಡರ್, ಪಿ0171 ಅಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ. ಕೋಡ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಕೋಡ್ ತೊಂದರೆಯ ದಿಕ್ಕು ತೋರಿಸುತ್ತದೆ, ಯಾವ ಪಾರ್ಟ್ ಬದಲಿಸಬೇಕು ಅಂತ ಹೇಳುವುದಿಲ್ಲ.

ಯಾವಾಗ ತಡ ಮಾಡಬಾರದು?

ಚೆಕ್ ಎಂಜಿನ್ ದೀಪ ಮಿಟುಕುತ್ತಿದ್ದರೆ ಗಾಡಿ ಓಡಿಸಬೇಡಿ. ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ. ಒಂದು ಪ್ಲಗ್‌ಗೆ ನೂರರ ಲೆಕ್ಕ, ಕನ್ವರ್ಟರಿಗೆ ಹತ್ತಾರು ಸಾವಿರದ ಲೆಕ್ಕ. ಟೆಂಪರೇಚರ್ ಮುಳ್ಳು ಏರಿದರೆ, ಆಯಿಲ್ ದೀಪ ಹತ್ತಿದರೆ ಅಲ್ಲೇ ಬಂದ್ ಮಾಡ್ರಿ.

ಇಷ್ಟು ನೋಡಿದ ಮೇಲೂ ನಡುಕ ನಿಲ್ಲದಿದ್ದರೆ ಇಂಜೆಕ್ಟರ್, ಕಂಪ್ರೆಷನ್ ಪರೀಕ್ಷೆ ಬೇಕು. ಆಗ ಗ್ಯಾರೇಜಿಗೆ ಹೋಗಿ, ವಿಡಿಯೋ ಮತ್ತು ಕೋಡ್ ತೋರಿಸಿ, ಯಾವ ಪಾರ್ಟ್ ಏಕೆ ಬದಲಿಸುತ್ತೀರಿ ಅಂತ ಕೇಳ್ರಿ. ತೆಗೆದ ಹಳೆಯ ಪಾರ್ಟ್ ವಾಪಸ್ ತರೋದು ಮರೀಬ್ಯಾಡ್ರಿ.